ಒಂದು ಚಿಕ್ಕ ಸೀಟಿ

ಏಪ್ರಿಲ್ ೬

ಕತ್ತರಿ,

ಈ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಬರೆದು ಲಕೋಟೆ ಅಂಟಿಸಿಯೂ ಆಗಿತ್ತು. ಮತ್ತೆ ಹರಿದೆ. ಮಾತು ಇಷ್ಟೇ: ಆ ದಿನ ನದಿಯಲ್ಲಿ ನೀನು ಗಾಬರಿಯಿಂದ ಎದ್ದು ನಿಂತದ್ದಲ್ಲ. ನಾನು ಸೀಟಿ ಊದಿದೆ, ಅದಕ್ಕೆ ನೀನು ನಿಂತೆ.

ಆಸ್ಪತ್ರೆಗೆ ಬಂದವರಿಗೆಲ್ಲ ನೀನು ಒಂದೇ ಕಥೆ ಹೇಳುತ್ತಿದ್ದೆ. "ನನ್ನದೇ ಪೆದ್ದುತನ. ತೇಲ್ಕೊಂಡು ಹೋಗ್ತಿದ್ದವಳು ಹೆದರಿ ನಿಂತ್ಬಿಟ್ಟೆ. ಪೀಪಿ ಇರ್ಲಿಲ್ಲ ಅಂದ್ರೆ ಇವತ್ತು ನಾನು ಗೋಡೆ ಮೇಲಿನ ಫೋಟೋ." ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಕಿತ್ತಳೆ ಹಣ್ಣು ಸುಲಿಯುತ್ತಾ ಕೂತಿರುತ್ತಿದ್ದೆ. ಎರಡು ಸಲ ಬಂದೆ, ಎರಡು ಸಲವೂ ಹಣ್ಣು ಸುಲಿದಿಟ್ಟು ಹೊರಟೆ. ನೀನು ನಿನ್ನ ಅಕ್ಕನ ಊರಿಗೆ ಹೋದ ಮೇಲೆ ಫೋನ್ ಮಾಡಿದಾಗಲೂ ಅಷ್ಟೇ. ಮಾತ್ರೆ ತೆಗೆದುಕೊಂಡೆಯಾ, ನಿದ್ದೆ ಬಂತಾ, ಅಲ್ಲಿ ಸೆಕೆ ಹೇಗಿದೆ. ಫೋನಿನಲ್ಲಿ ನಿನ್ನ ಉಸಿರು ಕೇಳಿಸುತ್ತದೆ, ಅದಕ್ಕೇ ಬಾಯಿ ಕಟ್ಟುತ್ತದೆ. ಹಾಗಾಗಿ ಕಾಗದ.

ನಾನು ಕಂಡ ಹಾಗೆ ಬರೆಯುತ್ತೇನೆ. ನೀನು ತಿದ್ದು.

ನಿನ್ನ ಹುಟ್ಟಿದ ದಿನಕ್ಕೆ ದೋಣಿಯಲ್ಲಿ ಸುತ್ತೋಣ ಎಂದು ಹೊರಡಿಸಿದವಳು ನಾನು. ಬಾಡಿಗೆ ದೋಣಿಯವನು ಸೇತುವೆ ದಾಟಬೇಡಿ, ಕಂಬಗಳ ಹತ್ತಿರ ಸೆಳೆತ ಜಾಸ್ತಿ ಎಂದ. ನಾನು ಈಜು ಕಲಿಸುವವಳು ಎಂದೆ. ಅವನು "ನಿಮ್ಮಿಷ್ಟ" ಎಂದು ಲೈಫ್ ಜಾಕೆಟ್ ಕೊಟ್ಟ. ಸೇತುವೆ ಕಂಡಾಗ ನೀನು, "ಸಾಕು, ತಿರುಗಿಸೇ" ಎಂದೆ. ನಾನು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಸೊಂಟದಷ್ಟು ನೀರಿಗೆ ಹೆದರ್ತೀಯಾ?" ಎಂದೆ. ನೀರು ಸೊಂಟದಷ್ಟೇ ಇತ್ತು. ಆ ನೀರು ನನಗೆ ಮೋಸ ಮಾಡಿತು ಎಂದು ಬರೆದು ಈಗ ತಾನೇ ಹೊಡೆದು ಹಾಕಿದೆ. ನೀರು ಯಾರಿಗೂ ಮೋಸ ಮಾಡಲಿಲ್ಲ, ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ದೋಣಿ ಕಂಬಕ್ಕೆ ಅಡ್ಡಲಾಗಿ ಬಡಿದು ಮಗುಚಿತು. ಮೇಲೆ ಬಂದು ನೋಡಿದರೆ ನೀನು ಬೆನ್ನ ಮೇಲೆ ತೇಲುತ್ತಾ ಹೋಗುತ್ತಿದ್ದೆ, ಮುಖ ಆಕಾಶಕ್ಕೆ, ನಾನು ಕಲಿಸಿದ ಹಾಗೆಯೇ. ಸುಮ್ಮನೆ ಬಿಟ್ಟಿದ್ದರೆ ಕೆಳಗಿನ ಮರಳ ದಿಬ್ಬಕ್ಕೆ ನೀನಾಗಿಯೇ ಸೇರುತ್ತಿದ್ದೆ. ಆದರೆ ನನಗೆ ಕಂಡದ್ದು ಒಂದೇ: ನೀರು ಆಳವಿಲ್ಲ, ಇವಳು ನಿಲ್ಲಬಹುದು.

ನಮ್ಮ ಕೊಳದಲ್ಲಿ ಒಂದು ಚಿಕ್ಕ ಸೀಟಿ ಎಂದರೆ ಇದ್ದಲ್ಲೇ ಕಾಲೂರಿ ನಿಲ್ಲಬೇಕು. ಮೊದಲ ದಿನದ ಮೊದಲ ಪಾಠ. ಗಾಬರಿ ಬಿದ್ದವರಿಗೆ ಮಾತು ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ. ಕಾಲೂರಿದರೆ ಟೈಲ್ಸ್ ಸಿಗುತ್ತದೆ, ಟೈಲ್ಸ್ ಸಿಕ್ಕರೆ ಉಸಿರು ಸಿಗುತ್ತದೆ. ನಲವತ್ತು ದಾಟಿದ ಮೇಲೆ ಈಜು ಕಲಿಯಲು ಬಂದ ನಿನ್ನಷ್ಟು ಚುರುಕಾಗಿ ಆ ಸೀಟಿಗೆ ನಿಲ್ಲುತ್ತಿದ್ದವರನ್ನು ನಾನು ಕಂಡಿಲ್ಲ. ರಜೆಯ ದಿನವೂ ಕೊರಳಲ್ಲಿ ಸೀಟಿ ಇತ್ತು. ಊದಿದೆ. ನೀನು ನಿಂತೆ. ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿತು, ಹಿಂದಿನಿಂದ ನೀರು ನೂಕಿತು, ನೀನು ಮುಂದಕ್ಕೆ ಮಡಚಿಕೊಂಡೆ. ಸೊಂಟದ ಮಟ್ಟದ ನೀರಿನಲ್ಲಿ ನಿನ್ನ ತಲೆ ಮುಳುಗಿತು. ಸೇತುವೆಗೆ ಬಣ್ಣ ಬಳಿಯುತ್ತಿದ್ದ ಆ ಇಬ್ಬರು ಹಗ್ಗ ಎಸೆದು ಇಳಿದು ಬರದಿದ್ದರೆ ನನ್ನೊಬ್ಬಳಿಂದ ಏನೂ ಆಗುತ್ತಿರಲಿಲ್ಲ.

ಕೊಳದ ಮ್ಯಾನೇಜರ್ ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. 'ಜೀವರಕ್ಷಕಿ' ಎಂದು ಫಲಕವಂತೆ.

ನಾನು ಅಂದಿನಿಂದ ನೀರಿಗೆ ಇಳಿದಿಲ್ಲ. ದಂಡೆಯ ಮೇಲೆ ನಿಂತೇ ಪಾಠ ಹೇಳುತ್ತೇನೆ. ಯಾರೂ ಗಮನಿಸಿಲ್ಲ.

ನಿನ್ನ
ಪೀಪಿ


ಏಪ್ರಿಲ್ ೨೫

ಪೀಪಿ,

ಗೊತ್ತು ಕಣೇ. ನನಗೆ ಮುರಿದಿರೋದು ಕಾಲು, ಕಿವಿ ಅಲ್ಲ.

ಸೀಟಿ ಕೇಳಿಸ್ತು, ನಿಂತೆ. ಆಸ್ಪತ್ರೆ ಹಾಸಿಗೇಲಿ ಮಲಗಿದ್ದಾಗ ಬೇರೆ ಏನು ಕೆಲಸ ಇತ್ತು ನನಗೆ, ಅದನ್ನೇ ತಿರುವಿ ಹಾಕ್ತಿದ್ದೆ. ಮತ್ತೆ ಯಾಕೆ ನನ್ನ ತಪ್ಪು ಅಂತ ಎಲ್ಲರಿಗೂ ಹೇಳಿದೆ ಅಂತೀಯಾ? ನೀನು ಬಾಯಿ ಬಿಡ್ತೀಯೇನೋ ಅಂತ ಕಾಯ್ತಿದ್ದೆ. ನೀನು ಕಿತ್ತಳೆ ಸುಲೀತಾನೇ ಇದ್ದೆ. ಬಿಳಿ ನಾರು ಕೂಡ ಒಂದೊಂದೇ ಬಿಡಿಸಿ ಇಡ್ತಿದ್ದೆ. ಆ ನಾರು ನೋಡ್ತಾ ನೋಡ್ತಾ ನನಗೆ ಮೈಯೆಲ್ಲ ಉರೀತಿತ್ತು.

ಇಲ್ಲಿ ಮುಂದಿನ ಕೋಣೇಲಿ ದಿವಾನ್ ಮೇಲೆ ನನ್ನ ವಾಸ. ಕಾಲಡಿ ಮೂರು ದಿಂಬು. ಎದುರಿಗೆ ಕಿಟಕಿ, ಕಿಟಕಿ ಆಚೆ ಸೈಕಲ್ ರಿಪೇರಿ ಅಂಗಡಿ. ಯಾರ ಟ್ಯೂಬು ಎಷ್ಟು ಸಲ ಪಂಕ್ಚರ್ ಆಯ್ತು ಅಂತ ಕೇಳು, ಹೇಳ್ತೀನಿ. ಅಕ್ಕ ಹತ್ತು ನಿಮಿಷಕ್ಕೊಂದು ಸಲ ಬಂದು, "ಅಲುಗಾಡಿಸ್ಬೇಡ" ಅಂತಾಳೆ. ಅಲುಗಾಡಿಸೋಕೆ ಬಂದಿದ್ರೆ ಇವಳ ಮನೇಲಿ ಯಾಕೆ ಇರ್ತಿದ್ದೆ ಹೇಳು.

ನನ್ನ ಪಾರ್ಲರ್ ಕುರ್ಚೀಲಿ ಈಗ ಬೇರೆ ಹುಡುಗಿ ಕೂದಲು ಕತ್ತರಿಸ್ತಿದ್ದಾಳೆ. ಡಾಕ್ಟರು, ನಿಂತು ಮಾಡೋ ಕೆಲಸ ಈ ವರ್ಷ ಮರೆತುಬಿಡಿ ಅಂದ್ರು. ಅವರಿಗೇನು, ಕೂತ್ಕೊಂಡು ಹೇಳಿದ್ರು.

ಸೀಟಿ ವಿಷಯಕ್ಕೆ ನನಗೆ ಸಿಟ್ಟಿಲ್ಲ. ಗಾಬರೀಲಿ ಊದಿದೆ, ಬಿಡು. ಸಿಟ್ಟಿರೋದು ಅದಕ್ಕಿಂತ ಮುಂಚಿನದಕ್ಕೆ. ನಾನು "ಸಾಕು, ತಿರುಗಿಸೇ" ಅಂದೆ. ನೀನೇ ಬರೆದಿದ್ದೀಯ, ಆದ್ರೆ ಎರಡೇ ಸಾಲಲ್ಲಿ ದಾಟಿಬಿಟ್ಟಿದ್ದೀಯ. ನಾನು ಒಂದು ಸಲ ಅಲ್ಲ, ಮೂರು ಸಲ ಅಂದೆ. ನೀನು ನನ್ನ ಮುಖ ನೋಡಲಿಲ್ಲ. ಆ ನದಿ ಮುಖಾನಾದ್ರೂ ನೋಡಿದೆಯಾ? ಅದೂ ಇಲ್ಲ. ನೀನು ಈಜು ಟೀಚರ್ ಅಂತ ದೋಣಿಯವನಿಗೆ ಹೇಳಿದೆ, ಸರಿ. ನದಿಗೆ ಯಾರು ಹೇಳಿದ್ರು?

ಇನ್ನೊಂದು. ಕ್ಷಮೆ ಕೇಳೋಕೆ ಕಾಗದ ಬರೀಬೇಡ. ನೀನು ಕೇಳಿದ್ರೆ ನಾನು ಕೊಡ್ಬೇಕಾಗುತ್ತೆ. ನನಗೆ ಇನ್ನೂ ಕೊಡೋ ಮನಸ್ಸಿಲ್ಲ. ಬೇರೆ ಏನಾದ್ರೂ ಇದ್ರೆ ಬರಿ, ಓದ್ತೀನಿ. ಪಂಕ್ಚರ್ ಎಣಿಸಿ ಎಣಿಸಿ ಸಾಕಾಗಿದೆ.

ಕತ್ತರಿ


ಜೂನ್ ೧೪

ಕತ್ತರಿ,

ಕ್ಷಮೆ ಕೇಳುತ್ತಿಲ್ಲ. ಬೇರೆ ಏನಾದರೂ ಬರಿ ಎಂದೆಯಲ್ಲ, ಬರೆಯಲು ಏನಾದರೂ ಆಗಲಿ ಎಂದು ಇಷ್ಟು ದಿನ ಕಾದೆ.

ಮ್ಯಾನೇಜರರ ಕೋಣೆಗೆ ಹೋಗಿ ನಡೆದದ್ದು ಹೇಳಿದೆ. ಅವರು ಎದ್ದು ಬಾಗಿಲು ಹಾಕಿ, "ಮೇಡಂ, ಇದನ್ನ ಇಲ್ಲಿಗೇ ಬಿಟ್ಬಿಡಿ. ಅಡ್ಮಿಷನ್ ಟೈಮು" ಎಂದರು. ಸನ್ಮಾನ ಬೇಡ ಎಂದೆ. ಫಲಕ ಕೆತ್ತಿಸಿ ಆಗಿತ್ತಂತೆ, ನನಗಿಂತ ಅದರ ಬಗ್ಗೆಯೇ ಅವರಿಗೆ ಹೆಚ್ಚು ಬೇಸರವಾಯಿತು. ಈಗ ಅದು ಅವರ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡಲು ಬಳಕೆಯಾಗುತ್ತಿದೆ. ದಿನಾ ಅದನ್ನು ದಾಟಿಕೊಂಡೇ ಹಾಜರಿ ಹಾಕಲು ಹೋಗುತ್ತೇನೆ.

ನದಿ ಮುಖ ನೋಡಿದೆಯಾ ಎಂದು ನೀನು ಕೇಳಿದ್ದೆ. ಆ ಸಾಲು ನನ್ನನ್ನು ಕೂರಲು ಬಿಡಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟು ನೀರು ಹೋಗುವುದನ್ನೇ ನೋಡುತ್ತಾ ನಿಲ್ಲುವುದು, ಬಸ್ಸಿನಲ್ಲಿ ಸೇತುವೆ ಬಂದರೆ ಕಿಟಕಿಯಿಂದ ಮುಖ ತಿರುಗಿಸುವುದು. ಹೀಗೆ ಒಂದು ತಿಂಗಳು ಹೋಯಿತು. ಕೊನೆಗೆ ನದಿಯಲ್ಲಿ ಈಜುವುದನ್ನು ಕಲಿಸುವ ಒಂದು ತರಗತಿಗೆ ಸೇರಿದೆ. ಕಲಿಸುವವಳು ಅಗ್ನಿಶಾಮಕ ದಳದವಳು, ನನಗಿಂತ ಚಿಕ್ಕವಳು. ಜೊತೆಯವರೆಲ್ಲ ಕಾಲೇಜಿನವರು, ನನ್ನನ್ನು ಆಂಟಿ ಎನ್ನುತ್ತಾರೆ. ಕೆಲಸ ಏನು ಎಂದು ಕೇಳಿದಾಗ "ಶಾಲೆಯಲ್ಲಿದ್ದೇನೆ" ಎಂದೆ. ಈಜು ಕಲಿಸುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ.

ಮೊದಲ ಕೆಲವು ದಿನ ನಮ್ಮನ್ನು ನೀರಿಗೇ ಬಿಡಲಿಲ್ಲ. ದಂಡೆಯ ಮೇಲೆ ನಿಂತು ನೋಡಬೇಕು, ಮಾತಾಡಬಾರದು. ನೊರೆ ಎಲ್ಲಿ ಏಳುತ್ತದೆ, ಎಲೆಯೊಂದು ಬಿದ್ದರೆ ಎಲ್ಲಿ ಹೋಗಿ ಸುತ್ತುತ್ತದೆ, ನಿನ್ನೆಯ ಒದ್ದೆ ಗೆರೆ ಕಲ್ಲಿನ ಮೇಲೆ ಎಲ್ಲಿದೆ. ಮೂರನೆಯ ದಿನಕ್ಕೆ ನನಗೆ ಕಾಲು ತುರಿಸತೊಡಗಿತು. ಇದೆಲ್ಲ ಯಾಕೆ, ಇಳಿದರೆ ಗೊತ್ತಾಗುವುದಿಲ್ಲವೇ ಎಂದು ಒಳಗೇ ಗೊಣಗಿಕೊಂಡೆ. ಆಮೇಲೆ ನಿನ್ನ ನೆನಪಾಗಿ ಬಾಯಿ ಮುಚ್ಚಿಕೊಂಡೆ, ತೆರೆದಿರಲಿಲ್ಲವಾದರೂ.

ಕೊನೆಗೆ ಇಳಿದೆವು. ಬೆನ್ನ ಮೇಲೆ ಮಲಗಬೇಕು, ಕಾಲು ನೀರು ಹೋಗುವ ಕಡೆಗೆ, ಹೆಬ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ದಡದ ಹತ್ತಿರ ಕೈಗೆ ನೆಲ ಸಿಗುವವರೆಗೆ ಕಾಲು ಕೆಳಗೆ ಬಿಡಬಾರದು. ಹರಿವಿನಲ್ಲಿ ನಿಲ್ಲಬಾರದು, ಮಂಡಿಯುದ್ದ ನೀರಾದರೂ ಸರಿ. ಇಷ್ಟೇ ಪಾಠ, ಮಕ್ಕಳಿಗೂ ತಿಳಿಯುವಂಥದ್ದು. ನಾನು ತೇಲಿದೆ. ತಳದ ಕಲ್ಲು ಬೆನ್ನಿಗೆ ಒಮ್ಮೆ ಸವರಿತು, ಅಷ್ಟೇ, ನನ್ನ ಎರಡೂ ಕಾಲು ತಾವಾಗಿಯೇ ಕೆಳಗೆ ಹೋದವು. ಅವಳು ದಡದಿಂದ "ಕಾಲು ಮೇಲೆ! ಕಾಲು ಮೇಲೆ!" ಎಂದು ಕಿರುಚಿದಳು. ಅದೃಷ್ಟ, ಅಲ್ಲಿ ಬರೀ ಮರಳಿತ್ತು.

ನಿನ್ನ ಕಾಲಿಗೆ ಸೀಟಿಯಾದರೂ ಬೇಕಾಗಿತ್ತು. ನನ್ನದಕ್ಕೆ ಅದೂ ಬೇಕಾಗಲಿಲ್ಲ.

ಕೊಳದಲ್ಲಿ ನೀರು ನಮಗಾಗಿ ಕಾದಿರುತ್ತದೆ. ನದಿಗೆ ನಾವು ಬಂದದ್ದೂ ಗೊತ್ತಿರುವುದಿಲ್ಲ. ಇಷ್ಟು ವರ್ಷ ನೀರಿನಲ್ಲಿದ್ದೂ ಈ ವ್ಯತ್ಯಾಸ ನನಗೆ ಹೊಳೆಯಲಿಲ್ಲವೇ ಎಂದು ಕೇಳಿಕೊಳ್ಳುತ್ತೇನೆ. ಹೊಳೆದಿತ್ತು, ಬೇಕಾಗಿರಲಿಲ್ಲ ಎಂದು ಉತ್ತರ ಬರುತ್ತದೆ.

ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರೆ?

ಪೀಪಿ


ಜುಲೈ ೩

ಪೀಪಿ,

ಬಿಚ್ಚಿದ್ರು. ಒಳಗಿನಿಂದ ಬಂದಿದ್ದು ನನ್ನ ಕಾಲಲ್ಲ, ಯಾರೋ ಮುದುಕೀದು. ಊರುಗೋಲು ಹಿಡ್ಕೊಂಡು ಕಿಟಕಿ ತನಕ ಹೋಗಿ ಬರ್ತೀನಿ. ಸೈಕಲ್ ಅಂಗಡಿಯವನು ಮೊನ್ನೆ ಚಪ್ಪಾಳೆ ತಟ್ಟಿದ. ನಿನಗಿಂತ ನನಗೇ ಮೊದಲು ಸನ್ಮಾನ ಆಯ್ತು ನೋಡು.

ಸ್ಟೂಲ್ ಮೇಲೆ ಕೂತು ಅಕ್ಕನ ಕೂದಲು ಕತ್ತರಿಸಿದೆ. ಒಂದು ಕಡೆ ಗಿಡ್ಡ ಆಯ್ತು. ಕೂತು ಕತ್ತರಿಸಿ ಅಭ್ಯಾಸ ಇಲ್ಲ ಅಂದೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಅಂದ್ಲು. ಮೂರು ದಿನ ತಲೆಗೆ ಬಟ್ಟೆ ಕಟ್ಕೊಂಡು ಓಡಾಡಿದ್ಲು, ಮನೆ ಒಳಗೇನೇ.

ಒಂದು ವಿಷಯ ಹೇಳ್ತೀನಿ, ನಗಬೇಡ. ಅಡುಗೆಮನೇಲಿ ಕುಕ್ಕರ್ ಸೀಟಿ ಹೊಡೆದ್ರೆ ನಾನು ಎದ್ದು ನಿಲ್ತೀನಿ. ಕೂತಿದ್ರೂ ಅಷ್ಟೇ, ಊಟ ಮಾಡ್ತಿದ್ರೂ ಅಷ್ಟೇ. ಎದ್ದ ಮೇಲೇ ಗೊತ್ತಾಗೋದು ಎದ್ದಿದ್ದೀನಿ ಅಂತ. ಅಕ್ಕ ಮೊದಲ ಸಲ, "ಅನ್ನಕ್ಕೆ ಇಷ್ಟು ಮರ್ಯಾದೆ ಕೊಡೋರನ್ನ ನಾನು ಎಲ್ಲೂ ನೋಡಿಲ್ಲ ಬಿಡು" ಅಂದ್ಲು. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಈಗ ಅವಳು ಪಾತ್ರೇಲೇ ಬೇಯಿಸ್ತಾಳೆ. ಯಾಕೆ ಅಂತ ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ.

ನೀನು ಕಲಿಸಿದ್ದು ಒಳಗೆ ಕೂತುಬಿಟ್ಟಿದೆ ಪೀಪಿ. ಅದನ್ನ ತೆಗೆಯೋದು ಹೇಗೆ?

ಇನ್ನೊಂದು ಪ್ರಶ್ನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ನನಗೂ ಗೊತ್ತು, ಆದ್ರೂ ಕೇಳ್ತೀನಿ. ನಾನು ತಿರುಗಿಸು ಅಂದಾಗ ಯಾಕೆ ತಿರುಗಿಸಲಿಲ್ಲ? ಶೋಕಿಗಾ? ನಿಜ ಬರಿ. ಕಿತ್ತಳೆ ಸುಲೀಬೇಡ.

ಕತ್ತರಿ


ಆಗಸ್ಟ್ ೨೦

ಕತ್ತರಿ,

ಶೋಕಿ ಎಂದುಬಿಟ್ಟರೆ ಸುಲಭವಾಗುತ್ತಿತ್ತು. ಆರು ವಾರ ಅದನ್ನೇ ಬರೆಯೋಣ ಎಂದುಕೊಂಡೆ, ಬರೆಯಲಾಗಲಿಲ್ಲ.

ನೀನು "ಸಾಕು" ಎಂದದ್ದು ನನಗೆ ಗೆಳತಿಯ ಮಾತಾಗಿ ಕೇಳಿಸಲಿಲ್ಲ, ಕಲಿಯಲು ಬಂದವಳ ಮಾತಾಗಿ ಕೇಳಿಸಿತು. ಕಲಿಯಲು ಬಂದವರೆಲ್ಲ ಮೊದಲು ಬೇಡ ಎನ್ನುತ್ತಾರೆ. ಏಣಿ ಹಿಡಿದುಕೊಂಡು ಬಿಡುವುದಿಲ್ಲ. ಅವರ ಬೇಡವನ್ನು ಕೇಳಿಸಿಕೊಳ್ಳದೆ ಇರುವುದೇ ನನ್ನ ಕೆಲಸ, ಅದರಲ್ಲಿ ನಾನು ಗಟ್ಟಿಗಿತ್ತಿ. ಹೆದರಿಕೆಯಿಂದ ಬಂದ ಬೇಡ ಯಾವುದು, ಕಣ್ಣಿಟ್ಟು ನೋಡಿ ಹೇಳಿದ ಬೇಡ ಯಾವುದು ಎಂದು ಬೇರೆ ಮಾಡುವುದನ್ನು ಎಂದೋ ಬಿಟ್ಟುಬಿಟ್ಟಿದ್ದೆ. ನೀನು ಆ ದಿನ ನೀರನ್ನು ನೋಡಿ ಹೇಳಿದ್ದೆ. ಕಂಬದ ಹಿಂದೆ ನೊರೆ ಸುತ್ತುತ್ತಿದ್ದದ್ದನ್ನು ನೀನು ಕಂಡಿದ್ದೆ. ನಾನು ನಿನ್ನ ಗುರುವಾಗಿ ಕೂತಿದ್ದೆ.

ಈಗ ಪ್ರತಿ ತಂಡದ ಕೊನೆಯ ದಿನ ನಮ್ಮ ಕಥೆ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ, ನನ್ನದನ್ನು ಹೇಳುತ್ತೇನೆ. ಇದು ಕೊಳದ ಸೀಟಿ, ಇದನ್ನು ಹೊತ್ತುಕೊಂಡು ನದಿಗೆ ಹೋಗಬೇಡಿ ಎನ್ನುತ್ತೇನೆ. ಒಬ್ಬ ತಾಯಿ ಮಗಳನ್ನು ಬಿಡಿಸಿಕೊಂಡು ಹೋದರು. ಮ್ಯಾನೇಜರ್ ಮಾತು ಬಿಟ್ಟಿದ್ದಾರೆ. ಸೀಟಿಗೆ ನಿಲ್ಲುವ ಆ ನಿಯಮವನ್ನು ಮಾತ್ರ ನಾನು ತೆಗೆದಿಲ್ಲ, ಯಾಕೆಂದರೆ ಕೊಳದಲ್ಲಿ ಅದು ಸರಿಯೇ. ಅದೇ ನನ್ನನ್ನು ಕಾಡುವುದು. ತಪ್ಪು ಪಾಠವಾಗಿದ್ದರೆ ಹರಿದು ಎಸೆಯಬಹುದಿತ್ತು.

ಒಳಗೆ ಕೂತದ್ದನ್ನು ತೆಗೆಯುವುದು ಹೇಗೆ ಎಂದು ನೀನು ಕೇಳಿದ್ದೆ. ನಮ್ಮ ಅಗ್ನಿಶಾಮಕದವಳನ್ನು ವಿಚಾರಿಸಿದೆ. ತೆಗೆಯಲಾಗುವುದಿಲ್ಲವಂತೆ. ಅದರ ಮೇಲೆ ಇನ್ನೊಂದನ್ನು ಕೂರಿಸಬೇಕಂತೆ, ಸಾವಧಾನವಾಗಿ. ಅವಳ ಒಳಗೂ ಅಂಥವು ಕೂತಿವೆಯಂತೆ, ಯಾವುವು ಎಂದು ಹೇಳಲಿಲ್ಲ.

ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ತಾಗುತ್ತಿರುವುದು ಆ ಸೀಟಿ. ಕೊಳಕ್ಕೆ ಬೇರೆಯದು ಕೊಂಡಿದ್ದೇನೆ. ನದಿಯವರ ಲೆಕ್ಕದಲ್ಲಿ ಒಂದು ಸೀಟಿ ಎಂದರೆ 'ಈ ಕಡೆ ನೋಡು' ಎಂದಷ್ಟೇ. ಮೂರು ಊದಿದರೆ 'ಸಹಾಯಕ್ಕೆ ಬಾ'. ನಿಲ್ಲು ಎನ್ನುವ ಸೀಟಿಯೇ ಅಲ್ಲಿ ಇಲ್ಲ. ಬೇಕೆನಿಸಿದಾಗ ನೀನೇ ಊದಿಕೊಂಡು ನೋಡು. ಬೇಡವೆನಿಸಿದರೆ ಸೈಕಲ್ ಅಂಗಡಿಯವನಿಗೆ ಕೊಡು.

ಸೆಪ್ಟೆಂಬರ್ ಐದಕ್ಕೆ ನಮ್ಮ ತರಗತಿಯವರು ಆ ಸೇತುವೆಯ ಕೆಳಗಿನಿಂದಲೇ ತೇಲಿ ಹೋಗಬೇಕು, ಅದೇ ಕೊನೆಯ ಪರೀಕ್ಷೆ. ನಿನಗೆ ತಿಳಿಸಿದ್ದೇನೆ. ಬಾ ಎನ್ನುವ ಧೈರ್ಯವಿಲ್ಲ.

ಪೀಪಿ


ಆಗಸ್ಟ್ ೨೯

ಪೀಪಿ,

ಬರ್ತೀನಿ. ನೀರಿಗೆ ಕಾಲಿಡಲ್ಲ, ದೋಣಿ ಹತ್ತಲ್ಲ, ನಿನ್ನ ಬೆನ್ನು ತಟ್ಟಲ್ಲ. ದಂಡೆ ಮೇಲೆ ಕೂತ್ಕೊಂಡು ನೋಡ್ತೀನಿ. ನೀನು ಆ ಕಂಬ ದಾಟೋದನ್ನ ನೋಡಿದ್ರೆ ನನಗೆ ಸಮಾಧಾನ ಆಗುತ್ತೋ ಇನ್ನೂ ಸಿಟ್ಟು ಬರುತ್ತೋ ಗೊತ್ತಿಲ್ಲ. ನೋಡೇ ಬಿಡೋಣ.

ಸೀಟಿ ಅಕ್ಕ ಇಲ್ಲದ ಹೊತ್ತಲ್ಲಿ ಊದಿದೆ. ಕಾಲು ಎದ್ದೇ ಎದ್ವು. ದಿನಾ ಊದ್ತಿದ್ದೀನಿ. ಪಕ್ಕದ ಮನೆಯವರು ಬಂದು ಗ್ಯಾಸ್ ಆಫ್ ಮಾಡಿ ಅಂದ್ರು.

ಕತ್ತರಿ


ಸೆಪ್ಟೆಂಬರ್ ೮

ಕತ್ತರಿ,

ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದಾಗಿನಿಂದ ಮನೆಯಲ್ಲಿ ಒಂದು ಕಡೆ ಕೂತಿಲ್ಲ. ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೂ ದಂಡೆಯ ಮೇಲಿನಿಂದ ಕಾಣದಿರುವುದನ್ನು ಬರೆಯಬೇಕು.

ಬೆಳಿಗ್ಗೆ ನೀನು ಊರುಗೋಲು ಊರುತ್ತಾ ಮೆಟ್ಟಿಲು ಇಳಿದು ಬರುವಾಗ ನಾನು ನಿನ್ನನ್ನು ನೋಡಲಿಲ್ಲ, ಕಲ್ಲಿನ ಮೇಲಿನ ಒದ್ದೆ ಗೆರೆ ಹುಡುಕುತ್ತಿದ್ದೆ. ಗೆರೆ ಕಾಣಲಿಲ್ಲ. ಮೇಲೆಲ್ಲೋ ಮಳೆಯಾಗಿ ನೀರು ಅದನ್ನು ನುಂಗಿಕೊಂಡಿತ್ತು. ಹೆಚ್ಚೇನಲ್ಲ, ಒಂದು ಗೇಣು. ಬಣ್ಣ ಸ್ವಲ್ಪ ಕಂದಾಗಿತ್ತು. ಕಂಬದ ಹಿಂದಿನ ಸುಳಿ ತನ್ನ ಜಾಗದಿಂದ ಸರಿದಿತ್ತು. ಅಗ್ನಿಶಾಮಕದವಳು, "ಇಳಿಯಬಹುದು. ಆದರೆ ಯಾರಿಗೆ ಬೇಡ ಅನಿಸುತ್ತೋ ಅವರು ಬೇಡ" ಎಂದಳು. ಕಾಲೇಜಿನವರು ಒಬ್ಬೊಬ್ಬರಾಗಿ ಹೋದರು. ಎಲ್ಲರೂ ಸುಖವಾಗಿ ದಾಟಿದರು. ಕೊನೆಯವಳು ನಾನು.

ಆಗ ನನ್ನ ಒಳಗೆ ಏನಾಗುತ್ತಿತ್ತು ಎಂದರೆ, ನೀನು ಅಷ್ಟು ದೂರದಿಂದ ಬಂದಿದ್ದೆ. ಮುರಿದ ಕಾಲಿನಲ್ಲಿ ಬಂದಿದ್ದೆ. ನಾನು ಕಂಬ ದಾಟುವುದನ್ನು ನೋಡಲೆಂದೇ ನೀನು ಬಂದಿದ್ದೆ. ದಾಟದಿದ್ದರೆ ನಿನಗೆ ಏನು ಕೊಟ್ಟ ಹಾಗಾಯಿತು? ಹುಡುಗರೆಲ್ಲ ಆಚೆಯಿಂದ "ಆಂಟಿ, ಬನ್ನಿ!" ಎನ್ನುತ್ತಿದ್ದರು. ನೀರು ಪಾದದ ಗಂಟಿಗೆ ಬಂದಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದು ನದಿಗಾಗಿ ಅಲ್ಲ, ನಿನಗಾಗಿಯೂ ಅಲ್ಲ, ನಿನ್ನ ಕಣ್ಣಿಗಾಗಿ. ಮಾರ್ಚಿನಲ್ಲಿ ಹುಟ್ಟು ಹಾಕಿದ್ದೂ ಯಾರದೋ ಕಣ್ಣಿಗಾಗಿಯೇ ಇರಬೇಕು.

ನಾನು ನೀರನ್ನೇ ನೋಡುತ್ತಾ ನಿಂತೆ. ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ ನಿನಗೇ ಗೊತ್ತು. ಆಮೇಲೆ ಅವಳಿಗೆ, "ಇವತ್ತು ಬೇಡ. ಈ ನೀರು ನನಗೆ ಗೊತ್ತಿಲ್ಲ" ಎಂದೆ. ಅವಳು ಹೂಂ ಎಂದು ಹಗ್ಗ ಸುತ್ತತೊಡಗಿದಳು, ಅಂಗಡಿಯಲ್ಲಿ ಯಾರೋ ಸಕ್ಕರೆ ಬೇಡ ಎಂದರು ಎಂಬಷ್ಟೇ ಸಹಜವಾಗಿ.

ನಿನ್ನ ಕಡೆ ತಿರುಗಲು ನನಗೆ ಕುತ್ತಿಗೆ ಬರಲಿಲ್ಲ. ಆಗ ನೀನು ಊದಿದೆ, ಒಂದು ಚಿಕ್ಕ ಸೀಟಿ.

ನಾನು ನೋಡಿದೆ. ನೀನು ಮೆಟ್ಟಿಲ ಮೇಲೆ ಕೂತೇ ಇದ್ದೆ. ಕಾಲು ಎದ್ದಿರಲಿಲ್ಲ. ಅದು ನಿನಗೂ ಆಗಲೇ ಗೊತ್ತಾಯಿತು ಎಂದು ನಿನ್ನ ಮುಖ ಹೇಳುತ್ತಿತ್ತು.

"ನೋಡ್ತೀಯೇನು, ಬಾರೇ ಮೇಲೆ. ಟೀ ಕುಡಿಯೋಣ" ಎಂದೆ ನೀನು. ಟೀ ಅಂಗಡಿಯಲ್ಲಿ ನೀನು ನದಿಯ ಮಾತೇ ಎತ್ತಲಿಲ್ಲ. ನನ್ನ ಕೂದಲು ನೋಡಿ, ಇದನ್ನು ಯಾವ ಇಲಿ ಕತ್ತರಿಸಿತು ಎಂದು ಕೇಳಿದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮಾತ್ರ ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. "ಕ್ಷಮೆ ಇನ್ನೂ ಕೊಟ್ಟಿಲ್ಲ, ನೆನಪಿರ್ಲಿ. ದೋಣೀಲಿ ಕೂರ್ತೀನೋ ಇಲ್ವೋ ಗೊತ್ತಿಲ್ಲ. ನೀನು ಕೇಳು. ಬೇಡ ಅಂದ್ರೆ ಅದನ್ನೂ ಕೇಳಿಸ್ಕೋ."

ಆದ್ದರಿಂದ ಕೇಳುತ್ತಿದ್ದೇನೆ. ನೀರು ಇಳಿದರೆ ತಿಂಗಳ ಕೊನೆಗೆ ನಾನು ಮತ್ತೆ ಹೋಗುತ್ತೇನೆ, ಸೇತುವೆಯಿಂದ ಎಷ್ಟೋ ಮೇಲೆ, ಹರಿವು ನಿಧಾನವಿರುವ ಕಡೆ. ಅಗ್ನಿಶಾಮಕದವಳು ದೋಣಿ ತರುತ್ತಾಳೆ. ಹುಟ್ಟು ಅವಳ ಕೈಯಲ್ಲಿ. ನಾನು ಸುಮ್ಮನೆ ಕೂರುವವಳು. ನಿನಗೆ ಜಾಗ ಇದೆ. ಇಳಿಯುವ ಮುಂಚೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ದಂಡೆಯ ಮೇಲೆ ನಿಂತು ನೋಡೋಣ. ಯಾರಿಗೆ ಮೊದಲು ಬೇಡ ಎನಿಸಿದರೂ ಇಬ್ಬರೂ ವಾಪಸು.

ಬರುತ್ತೀಯಾ?

ಪೀಪಿ

ಯೋಚಿಸಲು, ಬೇಡ ಎಂದು ಬರೆಯಲು, ಆ ಬೇಡ ನನ್ನ ಕೈ ಸೇರಲು ನಿನಗೆ ಸಾಕಷ್ಟು ದಿನ ಸಿಗಬೇಕು. ಅದಕ್ಕೇ ಇದನ್ನು ಇಟ್ಟುಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಕೊಳಕ್ಕೆ ಹೋಗುವ ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ, ಸೆಪ್ಟೆಂಬರ್ ೯.